ಏಪ್ರಿಲ್ ಮಧ್ಯಾಹ್ನಕ್ಕೆ ತಕ್ಕ ಎಂಜಿನ್, ಎಂಜಿನ್‌ಗೆ ತಕ್ಕ ಪ್ರೊಪೆಲ್ಲರ್: ಬಯಲುಸೀಮೆಯಲ್ಲಿ ಹಗುರ ವಿಮಾನ ಕಟ್ಟುವವರಿಗೆ

ಶೆಡ್ಡಿನಲ್ಲಿ ಸ್ವಂತ ವಿಮಾನ ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಎಂಜಿನ್ ಹುಡುಕುತ್ತಾರೆ. ಎಲ್ಲೋ ಒಂದು ಹಳೆಯದು ಅಗ್ಗಕ್ಕೆ ಸಿಗುತ್ತದೆ, ತಂದು ಇಡುತ್ತಾರೆ. ಆಮೇಲೆ ಅದಕ್ಕೆ ಕೂರುವ ಪ್ರೊಪೆಲ್ಲರ್ ಹುಡುಕುತ್ತಾರೆ. ತೂಕದ ಲೆಕ್ಕ ಕೊನೆಗೆ. ಈ ಕ್ರಮ ತಲೆಕೆಳಗು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆ ಹಾರಿಸುವವರಿಗಂತೂ ಇದು ಅಪಾಯ. ಎಂಜಿನ್, ಪ್ರೊಪೆಲ್ಲರ್ ಎರಡನ್ನೂ ಒಂದು ಜೋಡಿ ಅಂತ ಆರಿಸಬೇಕು. ಆ ಜೋಡಿಯನ್ನು ನಮ್ಮೂರಿನ ಏಪ್ರಿಲ್ ಮಧ್ಯಾಹ್ನದ ಗಾಳಿಗೆ ಆರಿಸಬೇಕು. ಕಂಪನಿಯ ಹಾಳೆಯಲ್ಲಿರುವ ಅಂಕಿ ನೋಡಿ ಆರಿಸಿದರೆ ಸಾಲದು.

ದುಡ್ಡು ಬಿಚ್ಚುವ ಮೊದಲು ಕಾಗದ

ಭಾರತದಲ್ಲಿ ನೋಂದಣಿ ಇಲ್ಲದೆ ಯಾವ ವಿಮಾನವೂ ಹಾರುವಂತಿಲ್ಲ. ನೋಂದಣಿ, ಹಾರಾಟದ ಅನುಮತಿ ಎರಡನ್ನೂ ಕೊಡುವುದು ಕೇಂದ್ರದ ನಾಗರಿಕ ವಿಮಾನಯಾನ ನಿರ್ದೇಶನಾಲಯ, ಅಂದರೆ ಡಿಜಿಸಿಎ. ನಿಮ್ಮ ವಿಮಾನ ಯಾವ ವರ್ಗಕ್ಕೆ ಬರುತ್ತದೆ, ಅದಕ್ಕೆ ತೂಕದ ಮಿತಿ ಎಷ್ಟು, ಎಂಜಿನ್‌ನ ಯಾವ ದಾಖಲೆ ಕೇಳುತ್ತಾರೆ ಎಂಬುದನ್ನು ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ಆರ್ಡರ್ ಹಾಕುವುದು ಆಮೇಲೆ. ಮುಂಬೈಯಲ್ಲಿ ಮನೆಯ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿದ ಅಮೋಲ್ ಯಾದವ್ ಅವರಿಗೆ ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಾಟದ ಅನುಮತಿ 2019ರಲ್ಲಿ. ನೋಂದಣಿ ಆದಮೇಲೂ ಅಷ್ಟು ಕಾಯಬೇಕಾಯಿತು. ಆ ತಾಳ್ಮೆ ನಿಮಗೂ ಬೇಕು.

ಆಕಾಶದ ವಿಷಯವನ್ನೂ ಈಗಲೇ ಕೇಳಿ. ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ, ಯಲಹಂಕದ ವಾಯುಪಡೆ ನೆಲೆ, ಜಕ್ಕೂರಿನ ಏರೋಡ್ರೋಮ್ ಎಲ್ಲವೂ ನಮ್ಮ ಪಕ್ಕದಲ್ಲೇ ಇವೆ. ಚಿಕ್ಕಬಳ್ಳಾಪುರದ ಹೊಲ ನಿಮ್ಮದೇ ಆದರೂ ಅದರ ಮೇಲಿನ ಆಕಾಶ ನಿಮ್ಮದಲ್ಲ.

ನಮ್ಮ ಗಾಳಿ ಎಷ್ಟು ತೆಳು?

ಕೋಲಾರ, ತುಮಕೂರು ಸಮುದ್ರ ಮಟ್ಟಕ್ಕಿಂತ ಸುಮಾರು 820 ಮೀಟರ್ ಮೇಲಿವೆ, ಅಂದರೆ 2,700 ಅಡಿ. ಚಿಕ್ಕಬಳ್ಳಾಪುರ ಇನ್ನೂ ಸ್ವಲ್ಪ ಜಾಸ್ತಿ, ಹತ್ತಿರಹತ್ತಿರ 3,000 ಅಡಿ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. ಬಿಸಿಲು ಏರಿದರೆ ಇನ್ನೂ ತೆಳುವಾಗುತ್ತದೆ. ಇವೆರಡನ್ನೂ ಸೇರಿಸಿ ಹೇಳುವ ಅಂಕಿಯೇ ಡೆನ್ಸಿಟಿ ಆಲ್ಟಿಟ್ಯೂಡ್. ಗಾಳಿಯ ಸಾಂದ್ರತೆ ನೋಡಿದರೆ ನೀವು ಎಷ್ಟು ಎತ್ತರದಲ್ಲಿ ಇದ್ದಂತೆ ಆಯಿತು ಎಂಬುದು ಅದರ ಅರ್ಥ.

ಲೆಕ್ಕ ಸುಲಭ. ಸಮುದ್ರ ಮಟ್ಟದಲ್ಲಿ 15 ಡಿಗ್ರಿ ಎಂದು ಹಿಡಿದು, ಸಾವಿರ ಅಡಿಗೆ 2 ಡಿಗ್ರಿಯಂತೆ ಕಳೆಯಿರಿ. ಕೋಲಾರಕ್ಕೆ ಅದು ಸುಮಾರು 9.6 ಡಿಗ್ರಿ ಬರುತ್ತದೆ. ಏಪ್ರಿಲ್ ಮಧ್ಯಾಹ್ನ ನಿಜವಾಗಿ ಇರುವುದು 36. ವ್ಯತ್ಯಾಸ 26.4. ಒಂದೊಂದು ಡಿಗ್ರಿಗೆ 120 ಅಡಿಯಂತೆ ಸೇರಿಸಿ. 2,700ಕ್ಕೆ ಸುಮಾರು 3,170 ಕೂಡಿದರೆ 5,900 ಅಡಿ ಆಯಿತು. ನಿಂತಿರುವುದು ಕೋಲಾರದಲ್ಲಿ, ಆದರೆ ಎಂಜಿನ್ ಉಸಿರಾಡುವುದು 5,900 ಅಡಿ ಎತ್ತರದ ಗಾಳಿ. ನಂದಿಬೆಟ್ಟದ ತುದಿಯೇ 4,851 ಅಡಿ, ನೆನಪಿರಲಿ. ಅದೇ ಡಿಸೆಂಬರ್ ಬೆಳಿಗ್ಗೆ 15 ಡಿಗ್ರಿ ಇದ್ದಾಗ ಲೆಕ್ಕ ಹಾಕಿದರೆ 3,300 ಅಡಿ ಆಸುಪಾಸು ಬರುತ್ತದೆ. ಒಂದೇ ಊರು, ಒಂದೇ ವಿಮಾನ, ಎರಡು ಬೇರೆ ಬೇರೆ ಗಾಳಿ.

ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ ಸಾವಿರ ಅಡಿಗೆ ನೂರಕ್ಕೆ ಮೂರು ಪಾಲಿಗಿಂತ ಸ್ವಲ್ಪ ಜಾಸ್ತಿ ಶಕ್ತಿ ಕಳೆದುಕೊಳ್ಳುತ್ತದೆ. 5,900 ಅಡಿಯಲ್ಲಿ ಉಳಿಯುವುದು ನೂರಕ್ಕೆ 81 ಪಾಲು. ನೂರು ಎಚ್‌ಪಿ ಎಂದು ಕೊಂಡದ್ದು ಏಪ್ರಿಲ್‌ನಲ್ಲಿ 81 ಎಚ್‌ಪಿ.

ತೂಕದಿಂದ ಎಚ್‌ಪಿಗೆ ಬನ್ನಿ

ಇಬ್ಬರು ಕೂರುವ, ಪೆಟ್ರೋಲ್ ತುಂಬಿ ಒಟ್ಟು 450 ಕಿಲೋ ತೂಗುವ ಒಂದು ವಿಮಾನವನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮೇಲೇರದೆ, ಕೆಳಗಿಳಿಯದೆ, ಏರುವಾಗ ಮುಂದಕ್ಕೆ ಹೋಗುವ ವೇಗದಲ್ಲೇ ಸುಮ್ನೆ ತೇಲಿಕೊಂಡು ಹೋಗಲು ಅದಕ್ಕೆ ಸಮುದ್ರ ಮಟ್ಟದಲ್ಲಿ 25 ಎಚ್‌ಪಿ ಬೇಕು ಎಂದಿರಲಿ. ಇದು ಪ್ರೊಪೆಲ್ಲರ್ ಗಾಳಿಗೆ ಕೊಡುವ ಶಕ್ತಿ. ಎಂಜಿನ್ ಕೊಟ್ಟದ್ದರಲ್ಲಿ ಏರುವಾಗ ನೂರಕ್ಕೆ 65 ಪಾಲು ಗಾಳಿಗೆ ಸಿಕ್ಕರೆ ಪ್ರೊಪೆಲ್ಲರ್ ಚೆನ್ನಾಗಿಯೇ ಇದೆ ಎನ್ನಬಹುದು. ತೇಲಲು ಬೇಕಾದ್ದು ಹೋಗಿ ಉಳಿದ ಶಕ್ತಿ ಮಾತ್ರ ನಿಮ್ಮನ್ನು ಮೇಲೆ ಎತ್ತುತ್ತದೆ.

80 ಎಚ್‌ಪಿ ಎಂಜಿನ್ ಹಾಕಿದರೆ ಸಮುದ್ರ ಮಟ್ಟದಲ್ಲಿ ಗಾಳಿಗೆ 52 ಎಚ್‌ಪಿ ಸಿಗುತ್ತದೆ. 25 ಕಳೆದರೆ 27 ಉಳಿಯಿತು. ನಿಮಿಷಕ್ಕೆ ಸುಮಾರು 900 ಅಡಿ ಏರಬಹುದು. ಅದನ್ನೇ ಕೋಲಾರದ ಏಪ್ರಿಲ್‌ಗೆ ತನ್ನಿ. 80 ಎಂಬುದು 65 ಆಯಿತು, ಗಾಳಿಗೆ ಸಿಕ್ಕಿದ್ದು 42. ತೆಳು ಗಾಳಿಯಲ್ಲಿ ತೇಲಲು ಬೇಕಾದ ಶಕ್ತಿಯೂ ಹೆಚ್ಚಿ 27 ಆಯಿತು. ಉಳಿದದ್ದು 15 ಮಾತ್ರ. ನಿಮಿಷಕ್ಕೆ 500 ಅಡಿ. ಎಂಜಿನ್ ಶಕ್ತಿ ಕಳೆದುಕೊಂಡದ್ದು ಐದನೇ ಒಂದು ಪಾಲು, ಏರುವ ವೇಗ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಬಿತ್ತು. ರನ್‌ವೇ ತುದಿಯಲ್ಲಿ ನೀಲಗಿರಿ ತೋಪೋ ತೆಂಗಿನ ತೋಟವೋ ಇದ್ದರೆ ಆ ಅರ್ಧ ಬಹಳ ದೊಡ್ಡದು.

100 ಎಚ್‌ಪಿ ಹಾಕಿದರೆ ಅದೇ ಏಪ್ರಿಲ್ ಮಧ್ಯಾಹ್ನ 850 ಅಡಿ ಆಸುಪಾಸು ಬರುತ್ತದೆ. ಸಮುದ್ರ ಮಟ್ಟದಲ್ಲಿ 80 ಎಚ್‌ಪಿ ಮಾಡುವ ಕೆಲಸಕ್ಕೆ ನಮ್ಮಲ್ಲಿ 100 ಬೇಕು ಎಂದಾಯಿತು. ಇನ್ನು 50 ಎಚ್‌ಪಿಯ ಕಥೆ ನೋಡಿ. ಸಮುದ್ರ ಮಟ್ಟದಲ್ಲಿ ಇಬ್ಬರನ್ನು ಹೊತ್ತು ಹೇಗೋ ನಿಮಿಷಕ್ಕೆ 250 ಅಡಿ ಏರುತ್ತದೆ. ಕೋಲಾರದ ಏಪ್ರಿಲ್‌ನಲ್ಲಿ ಗಾಳಿಗೆ ಸಿಗುವುದು 26 ಚಿಲ್ಲರೆ, ಬೇಕಾದ್ದು 27. ಏರುವುದೇ ಇಲ್ಲ. ನೆಲ ಬಿಟ್ಟ ಕೂಡಲೇ ನೆಲದ ಹತ್ತಿರದ ಗಾಳಿಯ ಆಸರೆಯಲ್ಲಿ ಸ್ವಲ್ಪ ದೂರ ತೇಲುತ್ತದೆ, ಹಾರಿತು ಎಂದು ಸಂಭ್ರಮವೂ ಆಗುತ್ತದೆ, ಅಲ್ಲಿಂದ ಮೇಲಕ್ಕೆ ಹೋಗದು. ಜೀವ ಹೋಗುವುದು ಇಂಥ ಕಡೆಯಲ್ಲೇ.

ನಿಮ್ಮ ವಿಮಾನದ ಅಂಕಿಗಳನ್ನು ಹಾಕಿ ಇದೇ ಲೆಕ್ಕ ಮಾಡಿ. ತೇಲಲು ಬೇಕಾದ ಶಕ್ತಿ ಎಷ್ಟು ಎಂದು ನಕ್ಷೆ ಕೊಟ್ಟವರನ್ನು ಕೇಳಿದರೆ ಹೇಳುತ್ತಾರೆ. ಏಪ್ರಿಲ್ ಮಧ್ಯಾಹ್ನ, ಪೂರ್ತಿ ತೂಕದಲ್ಲಿ, ನಿಮಿಷಕ್ಕೆ 500 ಅಡಿಗಿಂತ ಕಡಿಮೆ ಬಂದರೆ ಆ ಎಂಜಿನ್ ಬಿಟ್ಟುಬಿಡಿ. ಇದು ಸರ್ಕಾರದ ನಿಯಮ ಅಲ್ಲ, ನಾನು ಇಟ್ಟುಕೊಂಡ ಗೆರೆ.

ಯಾವ ಎಂಜಿನ್?

ಈ ಗಾತ್ರದ ವಿಮಾನಗಳಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಆಸ್ಟ್ರಿಯಾದ ರೋಟ್ಯಾಕ್ಸ್ 912. ಇದರಲ್ಲಿ ಯುಎಲ್ 80 ಎಚ್‌ಪಿ, ಯುಎಲ್‌ಎಸ್ 100 ಎಚ್‌ಪಿ. ನಾಲ್ಕು ಸಿಲಿಂಡರ್, ಫೋರ್ ಸ್ಟ್ರೋಕ್. ಸಿಲಿಂಡರಿಗೆ ಗಾಳಿಯ ತಂಪು, ಅದರ ಮುಚ್ಚಳವಾದ ಹೆಡ್ಡಿಗೆ ನೀರಿನ ತಂಪು. ಯುಎಲ್‌ಎಸ್ 5,800 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 5,800 ಸುತ್ತು ತಿರುಗುವಾಗ, ಪೂರ್ತಿ ಶಕ್ತಿ ಕೊಡುತ್ತದೆ, ಅದೂ ಐದು ನಿಮಿಷ ಮಾತ್ರ. ಸದಾ ಓಡಿಸಬಹುದಾದ ಮಿತಿ 5,500. ಅಷ್ಟು ಜೋರಾಗಿ ಪ್ರೊಪೆಲ್ಲರ್ ತಿರುಗಬಾರದು, ಅದಕ್ಕೇ ಮುಂದೆ 2.43 ಅನುಪಾತದ ಗೇರ್‌ಬಾಕ್ಸ್ ಇದೆ. ಎಂಜಿನ್ 5,500 ತಿರುಗಿದರೆ ಪ್ರೊಪೆಲ್ಲರ್ ತಿರುಗುವುದು 2,263. ಎರಡು ಸೀಟಿಗೆ, ನಮ್ಮ ಎತ್ತರಕ್ಕೆ, ಖರ್ಚು ತಡೆಯುವುದಾದರೆ ನನ್ನ ಮತ ಯುಎಲ್‌ಎಸ್‌ಗೆ.

ಟರ್ಬೊ ಇರುವ ರೋಟ್ಯಾಕ್ಸ್ 914 ಎತ್ತರಕ್ಕೆ ಹೇಳಿ ಮಾಡಿಸಿದ್ದು. 115 ಎಚ್‌ಪಿಯನ್ನು 8,000 ಅಡಿವರೆಗೂ ಬಿಟ್ಟುಕೊಡದು. ನಮ್ಮದೇ ಬೆಂಗಳೂರಿನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕಟ್ಟಿದ ಹಗುರ ವಿಮಾನ ಹಂಸ-3ಕ್ಕೆ ಹಾಕಿದ್ದು ಇದನ್ನೇ. 2021ರ ಸೆಪ್ಟೆಂಬರ್ 3ರಂದು ಮೊದಲ ಸಲ ಹಾರಿದ ಅದರ ಹೊಸ ರೂಪ ಹಂಸ-ಎನ್‌ಜಿಗೆ ಇಂಧನ ಇಂಜೆಕ್ಷನ್ ಇರುವ 912 ಐಎಸ್ ಹಾಕಿದರು. ಆದರೆ ಟರ್ಬೊ ಎಂದರೆ ಬೆಲೆ ಜಾಸ್ತಿ, ಶಾಖ ಜಾಸ್ತಿ, ಗಮನ ಕೊಡಬೇಕಾದ ಭಾಗಗಳೂ ಜಾಸ್ತಿ. ಮೊದಲ ವಿಮಾನ ಕಟ್ಟುವವರು ಅದರ ಹಿಂದೆ ಬೀಳುವುದು ಬೇಡ ಅನ್ನಿಸುತ್ತದೆ.

ಆಸ್ಟ್ರೇಲಿಯಾದ ಜಬಿರು 2200 ಎಂಬುದು 80-85 ಎಚ್‌ಪಿಯದು. ಗೇರ್‌ಬಾಕ್ಸ್ ಇಲ್ಲ, ರೇಡಿಯೇಟರ್ ಇಲ್ಲ. ಕೂರಿಸುವುದು ಸರಳ. ಆದರೆ ಪೂರ್ತಿ ಗಾಳಿಯ ತಂಪಿನ ಎಂಜಿನ್, 3,300 ಆರ್‌ಪಿಎಂನಲ್ಲಿ ನೇರವಾಗಿ ಚಿಕ್ಕ ಪ್ರೊಪೆಲ್ಲರ್ ತಿರುಗಿಸುತ್ತದೆ. ನಮ್ಮ ಬಿಸಿಲಲ್ಲಿ ನೆಲದ ಮೇಲೆ ಓಡಾಡುವಾಗ, ನಿಧಾನ ವೇಗದಲ್ಲಿ ಏರುವಾಗ ಹೆಡ್ ಕಾಯುತ್ತದೆ. ಒಂದೊಂದು ಸಿಲಿಂಡರಿಗೂ ಸರಿಯಾಗಿ ಗಾಳಿ ಹೋಗುವಂತೆ ಡಕ್ಟ್ ಮಾಡಬೇಕು, ಒಂದೊಂದಕ್ಕೂ ಬೇರೆ ಬೇರೆ ತಾಪಮಾಪಕ ಇಡಬೇಕು. ಒಂದೇ ಮಾಪಕ ಇಟ್ಟು ಉಳಿದವೂ ಸರಿ ಇವೆ ಎಂದುಕೊಳ್ಳಬೇಡಿ.

ಟು ಸ್ಟ್ರೋಕ್ ರೋಟ್ಯಾಕ್ಸ್ 582 ಹಗುರ, 65 ಎಚ್‌ಪಿ ಆಸುಪಾಸು. ಬೆಂಗಳೂರಿನ ರಾಜ್ ಹಂಸ ಕಂಪನಿಯ ಎಕ್ಸ್-ಏರ್ ವಿಮಾನಗಳು ಇದರಲ್ಲೂ ಹಾರಿವೆ, ಜಬಿರುವಿನಲ್ಲೂ ಹಾರಿವೆ. ಈಗ 582 ಹೊಸದಾಗಿ ತಯಾರಾಗುತ್ತಿಲ್ಲ, ಹಳೆಯದೇ ಸಿಗಬೇಕು. ಪೂರ್ತಿ ಬಿಚ್ಚಿ ಸರಿ ಮಾಡಿಸಬೇಕಾದ ಅವಧಿ 300 ಗಂಟೆ. ಹೊಸ 912ಕ್ಕೆ ಅದು 2,000 ಗಂಟೆ. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿದರೆ ಅಗ್ಗ ಯಾವುದು ಎಂಬ ಲೆಕ್ಕ ಬದಲಾಗುತ್ತದೆ, ಅಲ್ವಾ? ಟು ಸ್ಟ್ರೋಕ್‌ನ ಜೆಟ್‌ಗಳನ್ನು, ಅಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತುಗಳನ್ನು, ನಮ್ಮ ಎತ್ತರಕ್ಕೂ ಹವಾಮಾನಕ್ಕೂ ಹೊಂದಿಸಬೇಕು. ಏಪ್ರಿಲ್‌ಗೆ ಸರಿಯಾಗಿ ಕೂರಿಸಿದ ಜೆಟ್ ಡಿಸೆಂಬರ್ ಬೆಳಿಗ್ಗೆ ಪೆಟ್ರೋಲ್ ಸಾಲದಂತೆ ಮಾಡಬಹುದು, ಆಗ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಎಕ್ಸಾಸ್ಟ್ ತಾಪಮಾಪಕ ಇಲ್ಲದೆ ಟು ಸ್ಟ್ರೋಕ್ ಹಾರಿಸಬೇಡಿ.

ಕಾಂಟಿನೆಂಟಲ್ ಒ-200, ಲೈಕಮಿಂಗ್ ಒ-235 ಹಳೆಯ ಕಾಲದ ಗಟ್ಟಿ ಎಂಜಿನ್‌ಗಳು. 100ರಿಂದ 118 ಎಚ್‌ಪಿ, ನಿಧಾನ ತಿರುಗಾಟ, ಗೇರ್ ಬೇಡ. ಆದರೆ ಭಾರ. ಹಗುರ ವಿಮಾನದ ಮೂಗಿಗೆ ಅವು ಹೆಚ್ಚಾಗಿ ಹೊರೆಯೇ.

ಇನ್ನು ಕಾರಿನ ಎಂಜಿನ್. ಶೆಡ್ ನೋಡಲು ಬರುವ ಹುಡುಗರು ಕೇಳುವ ಮೊದಲ ಪ್ರಶ್ನೆಯೇ ಇದು. "ಅಣ್ಣಾ, ಜೆನ್ ಎಂಜಿನ್ ಹಾಕಿದ್ರೆ ಹಾರಲ್ವಾ?" ಪ್ರಶ್ನೆ ಒಳ್ಳೆಯದು. ಸುಜುಕಿಯ ಈ ಬಗೆಯ ಎಂಜಿನ್‌ಗಳನ್ನು ಹೊರದೇಶದಲ್ಲಿ ಮನೆಯಲ್ಲಿ ವಿಮಾನ ಕಟ್ಟುವವರು ಬಳಸಿದ್ದಾರೆ. ಹಳೆಯ ಜೆನ್‌ನ 993 ಸಿಸಿ ಎಂಜಿನ್ ಸುಮಾರು 50 ಎಚ್‌ಪಿ ಕೊಡುತ್ತದೆ. ಆದರೆ ಕಾರಿನಲ್ಲಿ ಅದು ಪೂರ್ತಿ ಶಕ್ತಿ ಕೊಡುವುದು ಓವರ್‌ಟೇಕ್ ಮಾಡುವ ಕೆಲವು ಸೆಕೆಂಡು. ವಿಮಾನದಲ್ಲಿ ಗಂಟೆಗಟ್ಟಲೆ ನೂರಕ್ಕೆ 75 ಪಾಲು ಶಕ್ತಿ ಕೊಡುತ್ತಲೇ ಇರಬೇಕು. ಇಗ್ನಿಷನ್ ಒಂದೇ, ಅದು ಹೋದರೆ ಎಂಜಿನ್ ನಿಂತಿತು. ರೋಟ್ಯಾಕ್ಸ್ 912ರಲ್ಲಿ ಎರಡಿವೆ. ಎಲ್ಲಕ್ಕಿಂತ ಕಷ್ಟದ್ದು ಆರ್‌ಪಿಎಂ ಇಳಿಸುವ ಬೆಲ್ಟ್ ಅಥವಾ ಗೇರ್. ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಿದಾಗಲೆಲ್ಲ ಕ್ರ್ಯಾಂಕ್‌ಗೆ ಒಂದು ತಿರುಚು ಏಟು ಬೀಳುತ್ತದೆ. ಮುಂದಿರುವ ಭಾರದ ಪ್ರೊಪೆಲ್ಲರ್ ಅದಕ್ಕೆ ಎದುರು ನಿಲ್ಲುತ್ತದೆ. ಈ ಎಳೆದಾಟ ಒಂದು ಆರ್‌ಪಿಎಂನಲ್ಲಿ ತಾಳಕ್ಕೆ ತಾಳ ಸೇರಿ ಶಾಫ್ಟನ್ನೇ ಮುರಿಯುತ್ತದೆ. ನರಸಾಪುರ, ವಸಂತನರಸಾಪುರದ ಕಡೆಯ ಒಳ್ಳೆಯ ಲೇತ್ ಕೆಲಸಗಾರರು ಶಾಫ್ಟನ್ನು ಚೆಂದವಾಗಿ ತಿರುವಿ ಕೊಡಬಲ್ಲರು. ಈ ಕಂಪನದ ಲೆಕ್ಕ ಬೇರೆಯೇ ವಿದ್ಯೆ. ಒಬ್ಬರೇ ಕೂರುವ ವಿಮಾನಕ್ಕೆ, ಬೇರೆಯವರು ನೂರಾರು ಗಂಟೆ ಹಾರಿಸಿ ಸಾಬೀತು ಮಾಡಿದ, ಆರ್‌ಪಿಎಂ ಇಳಿಸುವ ರಿಡಕ್ಷನ್ ಕಿಟ್ ಸಿಕ್ಕರೆ ಯೋಚಿಸಿ. ಇಬ್ಬರಿಗಾದರೆ ಆ ಯೋಚನೆ ಬಿಡಿ, ಮೇಲಿನ 50 ಎಚ್‌ಪಿ ಲೆಕ್ಕ ಉತ್ತರ ಕೊಟ್ಟಾಗಿದೆ.

ಹಳೆಯ ಎಂಜಿನ್ ಕೊಳ್ಳುವುದಾದರೆ ಲಾಗ್‌ಬುಕ್ ಇಲ್ಲದ್ದನ್ನು ಮುಟ್ಟಬೇಡಿ. ಗಂಟೆ ಎಷ್ಟು ಎಂಬುದರ ಜೊತೆಗೆ ವರ್ಷ ಎಷ್ಟು ಎಂಬುದನ್ನೂ ನೋಡಿ. 912ರ ರಬ್ಬರ್ ಭಾಗಗಳನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು, ಹಾರಲಿ ಬಿಡಲಿ. ಪ್ರೊಪೆಲ್ಲರ್ ನೆಲಕ್ಕೆ ಬಡಿದ ಇತಿಹಾಸ ಇದೆಯೇ ಎಂದು ಕೇಳಿ, ಇದ್ದರೆ ಗೇರ್‌ಬಾಕ್ಸ್, ಕ್ರ್ಯಾಂಕ್ ಪರೀಕ್ಷೆಯ ಕಾಗದ ತೋರಿಸಲಿ. ಬಿಇಎಂಎಲ್‌ನಲ್ಲೋ ಎಚ್‌ಎಎಲ್‌ನಲ್ಲೋ ದುಡಿದು ನಿವೃತ್ತರಾದವರು ಕೆಜಿಎಫ್‌ನಲ್ಲಿ, ಕೋಲಾರದಲ್ಲಿ, ತುಮಕೂರಿನಲ್ಲಿ ಸಿಗುತ್ತಾರೆ. ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಶುರುವಾಗಿದೆ. ಇಂಥವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮೈಕ್ರೋಮೀಟರ್ ಹಿಡಿದು ಪಳಗಿದ ಕೈಗೆ ಕಾಣುವುದು ನಮ್ಮ ಕಣ್ಣಿಗೆ ಕಾಣುವುದಿಲ್ಲ.

ಪೆಟ್ರೋಲ್: ಈಗಿನ ದೊಡ್ಡ ತಲೆನೋವು

ಹಿಂದೆ ಹಗುರ ವಿಮಾನದವರು ಹತ್ತಿರದ ಬಂಕ್‌ನಿಂದ ಕ್ಯಾನ್ ತುಂಬಿಸಿಕೊಂಡು ಬಂದರೆ ಆಗುತ್ತಿತ್ತು. ಈಗ ಹಾಗಿಲ್ಲ. 2025ರ ಹೊತ್ತಿಗೆ ನಮ್ಮ ಬಂಕ್‌ಗಳ ಸಾಮಾನ್ಯ ಪೆಟ್ರೋಲ್ ಇ20 ಆಗಿದೆ, ಅಂದರೆ ನೂರಕ್ಕೆ 20 ಪಾಲು ಎಥನಾಲ್. ರೋಟ್ಯಾಕ್ಸ್ 912ಕ್ಕೆ ಕಂಪನಿ ಒಪ್ಪುವುದು ಹೆಚ್ಚೆಂದರೆ ಇ10. ಎಥನಾಲ್ ಗಾಳಿಯಲ್ಲಿನ ನೀರನ್ನು ಎಳೆದುಕೊಳ್ಳುತ್ತದೆ. ನೀರು ಒಂದು ಮಟ್ಟ ದಾಟಿದರೆ, ಅಥವಾ ಮೇಲೆ ತಂಪಾದರೆ, ನೀರು ಮತ್ತು ಎಥನಾಲ್ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ ಎಳೆಯುವುದು ಆ ತಳದಿಂದಲೇ. ಹಳೆಯ ರಬ್ಬರ್ ಪೈಪು, ಫೈಬರ್‌ಗ್ಲಾಸ್ ಟ್ಯಾಂಕಿನ ರಾಳ, ಸೀಲಂಟ್ ಇವನ್ನೂ ಅದು ಮೆತ್ತಗೆ ಮಾಡಬಲ್ಲದು.

ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಗುರುತು ಇರುವ ಗಾಜಿನ ಅಳತೆ ಕೊಳವೆಯಲ್ಲಿ 10 ಮಿಲಿ ನೀರು ಹಾಕಿ, ಅದರ ಮೇಲೆ 90 ಮಿಲಿ ಪೆಟ್ರೋಲ್ ಹಾಕಿ. ಮುಚ್ಚಿ ಚೆನ್ನಾಗಿ ಕುಲುಕಿ, ನಿಲ್ಲಲು ಬಿಡಿ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿಗೆ ಸೇರುತ್ತದೆ. ಕೆಳಗಿನ ಪದರ 10 ಮಿಲಿಯಲ್ಲೇ ಇದ್ದರೆ ಎಥನಾಲ್ ಇಲ್ಲ. 25 ಮಿಲಿ ದಾಟಿದರೆ ಅದು ಇ20. ಪ್ರತಿ ಸಲ ಹೊಸ ಕ್ಯಾನ್ ತಂದಾಗಲೂ ಮಾಡಿ. ಬಯಲಲ್ಲಿ, ಬೆಂಕಿಯಿಂದ ದೂರ.

ಇನ್ನೊಂದು ದಾರಿ ವಿಮಾನದ ಪೆಟ್ರೋಲ್, ಅವ್‌ಗ್ಯಾಸ್ 100 ಎಲ್‌ಎಲ್. 2022ರ ಸೆಪ್ಟೆಂಬರ್‌ನಲ್ಲಿ ಇಂಡಿಯನ್ ಆಯಿಲ್ ಇದನ್ನು ದೇಶದಲ್ಲೇ ತಯಾರಿಸಿ ಬಿಡುಗಡೆ ಮಾಡಿತು. ಅದಕ್ಕೂ ಮುಂಚೆ ಆಮದೇ ಗತಿ. ಎಥನಾಲ್ ಇಲ್ಲ, ಆಕ್ಟೇನ್ (ಎಂಜಿನ್ ಒಳಗೆ ಅಕಾಲಕ್ಕೆ ಹೊತ್ತಿಕೊಳ್ಳದ ಗುಣ) ಸಾಕಷ್ಟಿದೆ. ಆದರೆ ಸೀಸ ಇದೆ. 912ರಲ್ಲಿ ಇದನ್ನೇ ಹೆಚ್ಚಾಗಿ ಬಳಸಿದರೆ ಎಂಜಿನ್ ಆಯಿಲನ್ನು 25 ಗಂಟೆಗೊಮ್ಮೆ ಬದಲಿಸಬೇಕು. ನಿಮ್ಮ ಜಾಗಕ್ಕೆ ಇದು ತಲುಪುತ್ತದೆಯೇ, ಎಷ್ಟು ಬ್ಯಾರೆಲ್‌ಗಿಂತ ಕಡಿಮೆ ಕೊಡುವುದಿಲ್ಲ, ಇಟ್ಟುಕೊಳ್ಳಲು ಯಾವ ಅನುಮತಿ ಬೇಕು ಎಂದು ಎಂಜಿನ್ ಆರಿಸುವ ಮೊದಲೇ ವಿಚಾರಿಸಿ. ಪೆಟ್ರೋಲ್ ಎಲ್ಲಿಂದ ಎಂಬುದಕ್ಕೆ ಉತ್ತರ ಇಲ್ಲದೆ ಎಂಜಿನ್ ಕೊಂಡರೆ ಅದು ಶೆಡ್ಡಿನ ಅಲಂಕಾರ.

ಆಕ್ಟೇನ್ ಸಂಖ್ಯೆಯನ್ನೂ ನೋಡಿ. 80 ಎಚ್‌ಪಿ ಯುಎಲ್‌ಗೆ 90 ಸಾಕು, 100 ಎಚ್‌ಪಿ ಯುಎಲ್‌ಎಸ್‌ಗೆ ಕನಿಷ್ಠ 95 ಬೇಕು.

ಪೆಟ್ರೋಲ್ ಪೈಪುಗಳನ್ನು ಎಕ್ಸಾಸ್ಟ್‌ನಿಂದ ದೂರ ಒಯ್ಯಿರಿ, ಶಾಖ ತಡೆಯುವ ಕವಚ ಸುತ್ತಿ. ಬಿಸಿಲಲ್ಲಿ ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಹಾರಲು ಹೊರಟಾಗ ಪೈಪಿನಲ್ಲಿ ಆವಿ ಕಟ್ಟಿಕೊಳ್ಳುವುದು ಇಲ್ಲಿ ಮಾಮೂಲು. ಟ್ಯಾಂಕಿಗೆ ವಾಪಸ್ ಹೋಗುವ ಲೈನ್ ಇಡಲೇಬೇಕು. ಡಿಸೆಂಬರ್‌ನಲ್ಲಿ ತೊಂದರೆ ಬೇರೆ. 15 ಡಿಗ್ರಿ, ಮಂಜು, ತೇವ ಇರುವ ಬೆಳಿಗ್ಗೆ ಕಾರ್ಬ್ಯುರೇಟರ್ ಒಳಗೆ ಹಿಮ ಕಟ್ಟುತ್ತದೆ. ನಮ್ಮದು ಬಿಸಿ ದೇಶ, ಹಿಮ ಎಲ್ಲಿಂದ ಎಂದು ಕಾರ್ಬ್ ಹೀಟ್, ಅಂದರೆ ಕಾರ್ಬ್ಯುರೇಟರಿಗೆ ಬಿಸಿ ಗಾಳಿ ಕೊಡುವ ವ್ಯವಸ್ಥೆ, ಬಿಟ್ಟುಬಿಡುವವರಿದ್ದಾರೆ. ಬಿಡಬೇಡಿ.

ಮೂಗಿನ ತೂಕ

ಹಾಳೆಯಲ್ಲಿ 912 ಯುಎಲ್‌ಎಸ್ 57 ಕಿಲೋ ಎಂದಿರುತ್ತದೆ. ಅದು ಬರಿ ಎಂಜಿನ್. ಎಕ್ಸಾಸ್ಟ್, ರೇಡಿಯೇಟರ್, ಆಯಿಲ್ ಟ್ಯಾಂಕ್, ನೀರು, ಮೌಂಟ್ ಸೇರಿದರೆ 70 ದಾಟುತ್ತದೆ. ಎಂಜಿನ್ ವಿಮಾನದ ತೂಕದ ಕೇಂದ್ರಕ್ಕಿಂತ 1.2 ಮೀಟರ್ ಮುಂದಿದ್ದು, ನಕ್ಷೆಯಲ್ಲಿ ಇದ್ದುದಕ್ಕಿಂತ 10 ಕಿಲೋ ಜಾಸ್ತಿ ಆದರೆ, 450 ಕಿಲೋ ವಿಮಾನದ ಕೇಂದ್ರ ಎರಡೂವರೆ ಸೆಂಟಿಮೀಟರ್ ಮುಂದಕ್ಕೆ ಸರಿಯುತ್ತದೆ. ಚಿಕ್ಕ ವಿಮಾನಕ್ಕೆ ಅದು ಸಣ್ಣದಲ್ಲ. ಬಾಲಕ್ಕೆ ಸೀಸ ಕಟ್ಟಿ ಸರಿದೂಗಿಸುವುದು ಕೆಟ್ಟ ದಾರಿ, ಒಟ್ಟು ತೂಕ ಇನ್ನೂ ಏರುತ್ತದೆ. ನಕ್ಷೆ ಬರೆದವರು ಹೇಳಿದ ಎಂಜಿನ್‌ಗಳ ಪಟ್ಟಿಯೊಳಗೇ ಇರಿ.

ಪ್ರೊಪೆಲ್ಲರ್: ಮೊದಲು ವ್ಯಾಸ

ದೊಡ್ಡ ಪ್ರೊಪೆಲ್ಲರ್ ನಿಧಾನ ತಿರುಗಿದರೆ ಎಳೆತ ಚೆನ್ನಾಗಿ ಬರುತ್ತದೆ. ನಮ್ಮ ತೆಳು ಗಾಳಿಗೆ, ನಿಧಾನ ವಿಮಾನಗಳಿಗೆ ಅದೇ ಒಳ್ಳೆಯದು. ಎಷ್ಟು ದೊಡ್ಡದು ಎಂಬುದಕ್ಕೆ ಎರಡು ಗಡಿ ಇವೆ. ಒಂದು ನೆಲ. ಮುಂದೆ ಚಕ್ರ ಇರುವ ವಿಮಾನಕ್ಕೆ ಅಲಗಿನ ತುದಿ ನೆಲದಿಂದ ಕನಿಷ್ಠ 18 ಸೆಂಟಿಮೀಟರ್, ಬಾಲದಲ್ಲಿ ಚಕ್ರ ಇರುವುದಕ್ಕೆ 23 ಸೆಂಟಿಮೀಟರ್ ಮೇಲಿರಬೇಕು ಎಂಬುದು ಅಮೆರಿಕದ ಚಿಕ್ಕ ವಿಮಾನಗಳ ಹಳೆಯ ನಿಯಮ. ನಮ್ಮ ಕೆಂಪು ಮಣ್ಣು, ಗರಸು ಇರುವ ಪಟ್ಟಿಗೆ ಇನ್ನೂ ಜಾಸ್ತಿ ಬಿಡಿ. ಕಲ್ಲು ಎದ್ದು ಬಡಿಯುತ್ತದೆ.

ಇನ್ನೊಂದು ಗಡಿ ತುದಿಯ ವೇಗ. ತುದಿ ಶಬ್ದದ ವೇಗದ ಹತ್ತಿರ ಹೋದರೆ ಕಿರುಚಾಟ ಜಾಸ್ತಿ, ಎಳೆತ ಕಡಿಮೆ. ವ್ಯಾಸವನ್ನು ಮೀಟರಿನಲ್ಲಿ ತೆಗೆದುಕೊಂಡು 3.14ರಿಂದ ಗುಣಿಸಿ, ಪ್ರೊಪೆಲ್ಲರಿನ ಆರ್‌ಪಿಎಂನಿಂದ ಗುಣಿಸಿ, 60ರಿಂದ ಭಾಗಿಸಿ. ಸೆಕೆಂಡಿಗೆ ಎಷ್ಟು ಮೀಟರ್ ಎಂದು ಬರುತ್ತದೆ. 30 ಡಿಗ್ರಿ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 350 ಮೀಟರ್. 912ಕ್ಕೆ 68 ಇಂಚಿನ, ಅಂದರೆ 1.73 ಮೀಟರಿನ ಪ್ರೊಪೆಲ್ಲರ್ ಹಾಕಿ 2,263 ತಿರುಗಿಸಿದರೆ ತುದಿ 205 ಮೀಟರ್ ವೇಗದಲ್ಲಿ ಹೋಗುತ್ತದೆ. ಶಬ್ದದ ವೇಗದ ಶೇ 59. ಆರಾಮ. 72 ಇಂಚಿನದನ್ನು ಗೇರ್ ಇಲ್ಲದ ಎಂಜಿನ್‌ಗೆ ಹಾಕಿ 3,400 ತಿರುಗಿಸಿದರೆ 325 ಮೀಟರ್, ಶೇ 93. ಅದು ಆಗದ ಮಾತು. ಮರದ ಪ್ರೊಪೆಲ್ಲರಿಗೆ ಶೇ 75ರ ಒಳಗೆ ಇರಿಸಿ.

ಆಮೇಲೆ ಪಿಚ್

ಪ್ರೊಪೆಲ್ಲರ್ ಒಂದು ಸುತ್ತಿಗೆ ಎಷ್ಟು ಮುಂದೆ ಹೋಗಬೇಕು ಎಂಬ ಅಳತೆಯೇ ಪಿಚ್. ಕಡಿಮೆ ಪಿಚ್ ಎಂದರೆ ನಂದಿಬೆಟ್ಟದ ತಿರುವುಗಳನ್ನು ಎರಡನೇ ಗೇರಿನಲ್ಲಿ ಹತ್ತಿದಂತೆ, ಜಾಸ್ತಿ ಪಿಚ್ ಎಂದರೆ ಹೈವೇಯಲ್ಲಿ ಐದನೇ ಗೇರ್. ಅಲಗಿನ ಕೋನ ಬದಲಿಸಲಾಗದ ಪ್ರೊಪೆಲ್ಲರಿನಲ್ಲಿ ನಿಮಗಿರುವುದು ಒಂದೇ ಗೇರ್. ಯಾವುದು ಎಂದು ನೀವೇ ತೀರ್ಮಾನಿಸಬೇಕು.

ನನ್ನ ಸಲಹೆ: ನಮ್ಮ ಎತ್ತರದಲ್ಲಿ ಏರುವ ಕಡೆಗೆ ವಾಲಿ. ಗಂಟೆಗೆ ಹತ್ತು ಕಿಲೋಮೀಟರ್ ಕಡಿಮೆ ಹೋದರೆ ಏನೂ ನಷ್ಟವಿಲ್ಲ. ತೆಂಗಿನ ಗರಿ ದಾಟಲು ಹತ್ತು ಅಡಿ ಸಾಲದೆ ಹೋದರೆ ನಷ್ಟ. ಪಿಚ್ಚನ್ನು ಮೀಟರಿನಲ್ಲಿ ತೆಗೆದುಕೊಂಡು ಪ್ರೊಪೆಲ್ಲರಿನ ಆರ್‌ಪಿಎಂ, ಮತ್ತೆ 60ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬ ಕಾಗದದ ವೇಗ ಸಿಗುತ್ತದೆ. 1.14 ಮೀಟರ್ ಪಿಚ್, 2,263 ಆರ್‌ಪಿಎಂಗೆ ಸುಮಾರು 155 ಬರುತ್ತದೆ. ಗಾಳಿ ಜಾರುವುದರಿಂದ ನಿಜವಾದ ವೇಗ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ನಿಮ್ಮ ವಿಮಾನ 130ರಲ್ಲಿ ಹಾರುವಂಥದ್ದಾದರೆ ಗಂಟೆಗೆ 200ರ ವೇಗಕ್ಕೆ ಬರುವ ಪಿಚ್ ಕೊಂಡು ಏನು ಮಾಡುತ್ತೀರಿ?

ಇಲ್ಲಿ ಒಂದು ಮೋಸ ಇದೆ, ಗಮನಿಸಿ. ತೆಳು ಗಾಳಿಯಲ್ಲಿ ಎಂಜಿನ್ ಶಕ್ತಿ ಕಡಿಮೆಯಾಗುತ್ತದೆ. ಪ್ರೊಪೆಲ್ಲರಿಗೆ ಗಾಳಿ ಕೊಡುವ ತಡೆಯೂ ಹೆಚ್ಚುಕಡಿಮೆ ಅಷ್ಟೇ ಕಡಿಮೆಯಾಗುತ್ತದೆ. ಹಾಗಾಗಿ ಏಪ್ರಿಲ್‌ನಲ್ಲೂ ಆರ್‌ಪಿಎಂ ತೋರಿಸುವ ಟ್ಯಾಕೋಮೀಟರ್ ಡಿಸೆಂಬರ್‌ನಷ್ಟೇ ತೋರಿಸಬಹುದು. ಮುಳ್ಳು ಸರಿಯಾದ ಜಾಗದಲ್ಲಿದೆ, ಎಳೆತ ಮಾತ್ರ ಇಲ್ಲ. ಆರ್‌ಪಿಎಂ ಬಂತು ಎಂದು ಹೊರಡಬೇಡಿ, ಅವತ್ತಿನ ಡೆನ್ಸಿಟಿ ಆಲ್ಟಿಟ್ಯೂಡ್ ಲೆಕ್ಕ ಹಾಕಿ ಹೊರಡಿ.

ಮೊದಲ ವಿಮಾನಕ್ಕೆ ನೆಲದ ಮೇಲೆ ಕೋನ ಬದಲಿಸಬಹುದಾದ ಕಾರ್ಬನ್ ಪ್ರೊಪೆಲ್ಲರ್ ಅತ್ಯುತ್ತಮ. ಫ್ರಾನ್ಸಿನ ಇ-ಪ್ರಾಪ್ಸ್, ಡಕ್, ಅಮೆರಿಕದ ಸೆನ್ಸೆನಿಚ್ ಇಂಥವನ್ನು ಮಾಡುತ್ತವೆ. ಲೆಕ್ಕ ಸ್ವಲ್ಪ ತಪ್ಪಿದರೂ ಬೋಲ್ಟ್ ಸಡಿಲಿಸಿ ಸರಿ ಮಾಡಬಹುದು. ಹಾರುತ್ತಲೇ ಕೋನ ಬದಲಿಸುವಂಥದ್ದು ಟರ್ಬೊ ಎಂಜಿನ್‌ಗೆ ನಿಜಕ್ಕೂ ಉಪಯೋಗ, ಸಾದಾ ಎಂಜಿನ್‌ಗೆ ಅದರ ತೂಕ, ಬೆಲೆ ಎರಡೂ ದುಬಾರಿ. ಲೋಹದ್ದು 912ರ ಗೇರ್‌ಬಾಕ್ಸ್‌ಗೆ ಭಾರ. ಪ್ರೊಪೆಲ್ಲರಿನ ತಿರುಗು ಜಡತ್ವ (ತಿರುಗುವ ವೇಗ ಬದಲಾಗದಂತೆ ತಡೆಯುವ ಗುಣ) 6,000 ಕೆಜಿ ಚದರ ಸೆಂಟಿಮೀಟರ್ ಮೀರಬಾರದು ಎಂದು ರೋಟ್ಯಾಕ್ಸ್ ಮಿತಿ ಹಾಕಿದೆ. ಕೊಳ್ಳುವಾಗ ಆ ಅಂಕಿಯನ್ನು ಬರಹದಲ್ಲಿ ಕೇಳಿ. ತಿರುಗುವ ದಿಕ್ಕನ್ನೂ ಕೇಳಿ, ಎಡಕ್ಕೆ ತಿರುಗುವ ಪ್ರೊಪೆಲ್ಲರ್ ಬಲಕ್ಕೆ ತಿರುಗುವ ಎಂಜಿನ್‌ಗೆ ಆಗದು.

ಮರದ ಪ್ರೊಪೆಲ್ಲರ್ ನನಗೆ ಬಹಳ ಇಷ್ಟ. ಹಗುರ, ಕಂಪನ ನುಂಗುತ್ತದೆ, ನೆಲಕ್ಕೆ ಬಡಿದರೆ ತಾನು ಮುರಿದು ಎಂಜಿನ್‌ಗೆ ಬೀಳುವ ಏಟನ್ನು ಕಡಿಮೆ ಮಾಡುತ್ತದೆ. ಆದರೆ ನಮ್ಮ ಮಾರ್ಚ್ ಒಣಹವೆಯಲ್ಲಿ ಮರ ಸೊರಗುತ್ತದೆ, ಬೋಲ್ಟ್ ಸಡಿಲವಾಗುತ್ತದೆ. ಮಳೆಗಾಲದಲ್ಲಿ ಉಬ್ಬುತ್ತದೆ. ಮೊದಲ ಹಾರಾಟ ಆದಮೇಲೆ ಒಮ್ಮೆ, ಋತು ಬದಲಾದಾಗಲೆಲ್ಲ ಒಮ್ಮೆ ಬೋಲ್ಟಿನ ಬಿಗಿ ಅಳೆಯುವ ಟಾರ್ಕ್ ರೆಂಚ್ ಹಾಕಿ ನೋಡಲೇಬೇಕು. ಪರಿಚಯದ ಬಡಗಿಯ ಹತ್ತಿರ ತೇಗದಲ್ಲೋ ಹಲಸಿನಲ್ಲೋ ಕೆತ್ತಿಸುವ ಆಸೆ ಹಲವರಿಗೆ ಇರುತ್ತದೆ. ಒಂದು ಅಂಕಿ ನೋಡಿ: ಒಂದು ಕಿಲೋ ತೂಗುವ ಅಲಗು, ಅದರ ತೂಕದ ಕೇಂದ್ರ ನಡುವಿನಿಂದ 40 ಸೆಂಟಿಮೀಟರ್ ದೂರ, 2,263 ಆರ್‌ಪಿಎಂ. ಆ ಅಲಗನ್ನು ಹೊರಕ್ಕೆ ಎಳೆಯುವ ಬಲ ಎರಡು ಟನ್ನಿಗೂ ಜಾಸ್ತಿ. ಅಷ್ಟು ಎಳೆತಕ್ಕೆ ಮರದ ಒಂದು ಗಂಟು, ಅಂಟಿನಲ್ಲಿ ಒಂದು ಗುಳ್ಳೆ ಸಾಕು. ಕೆತ್ತಿಸಿ ಗೋಡೆಗೆ ತೂಗುಹಾಕಿ, ಹಾರಲು ಕೊಂಡದ್ದನ್ನೇ ಹಾಕಿ.

ಯಾವುದೇ ಆಗಲಿ, ಅಲಗಿನ ಮುಂದಂಚಿಗೆ ಲೋಹದ ಪಟ್ಟಿ ಅಥವಾ ರಕ್ಷಣೆಯ ಟೇಪ್ ಇರಲಿ. ಶಿರಾ, ಪಾವಗಡದ ಕಡೆಯ ದೂಳಿಗೆ ಅಂಚು ಬೇಗ ಸವೆಯುತ್ತದೆ. ಏರ್ ಫಿಲ್ಟರ್ ವಿಷಯದಲ್ಲೂ ಕಂಜೂಸು ಬೇಡ.

ನೆಲದ ಮೇಲೆ ಪರೀಕ್ಷೆ

ಕೂರಿಸಿದ ಮೇಲೆ ಮೊದಲು ಟ್ರ್ಯಾಕ್ ನೋಡಿ. ಇಗ್ನಿಷನ್ ಆಫ್, ಪ್ಲಗ್ ಬಿಚ್ಚಿಟ್ಟಿರಲಿ. ಒಂದು ಅಲಗಿನ ತುದಿಗೆ ತಾಗುವಂತೆ ಗುರುತು ಇಟ್ಟು, ಕೈಯಿಂದ ತಿರುಗಿಸಿ. ಎಲ್ಲ ಅಲಗೂ ಅದೇ ಗುರುತಿನ ಹತ್ತಿರ ಹಾಯಬೇಕು. ಮರದ್ದಾದರೆ 3 ಮಿಲಿಮೀಟರ್ ಒಳಗೆ ಇರಲಿ, ಬೇರೆಯದಕ್ಕೆ ತಯಾರಕರು ಹೇಳಿದ ಮಿತಿ.

ಆಮೇಲೆ ಬಾಲವನ್ನು ಗಟ್ಟಿ ಹಗ್ಗದಿಂದ ಟ್ರ್ಯಾಕ್ಟರಿಗೋ ದೊಡ್ಡ ಮರಕ್ಕೋ ಕಟ್ಟಿ. ಚಕ್ರಕ್ಕೆ ಅಡ್ಡ ಕಟ್ಟೆ ಇಡಿ. ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬರು ನಿಲ್ಲಲಿ. ಎಂಜಿನ್ ಶಬ್ದ ಕೇಳಿದರೆ ಊರಿಗೆ ಊರೇ ಬರುತ್ತದೆ, ಮಕ್ಕಳು ಮೊದಲು ಬರುತ್ತಾರೆ. ತಿರುಗುವ ಪ್ರೊಪೆಲ್ಲರ್ ಕಣ್ಣಿಗೆ ಕಾಣುವುದಿಲ್ಲ. ಸುತ್ತ ಹಗ್ಗ ಕಟ್ಟಿ, ಜನರನ್ನು ನೋಡಿಕೊಳ್ಳಲೆಂದೇ ಇಬ್ಬರನ್ನು ನೇಮಿಸಿ. ಅಲಗಿನ ಸುತ್ತಿನ ನೇರಕ್ಕೆ ಯಾರೂ ನಿಲ್ಲಬಾರದು, ನೀವೂ ಸಹ.

ಆಯಿಲ್ 50 ಡಿಗ್ರಿ ಮುಟ್ಟುವ ಮೊದಲು ಪೂರ್ತಿ ಥ್ರಾಟಲ್ ಕೊಡಬೇಡಿ. ಮುಟ್ಟಿದ ಮೇಲೆ ಕೆಲವು ಸೆಕೆಂಡು ಪೂರ್ತಿ ತೆರೆದು ಆರ್‌ಪಿಎಂ ಬರೆದುಕೊಳ್ಳಿ. 912 ಯುಎಲ್‌ಎಸ್‌ನಲ್ಲಿ ನಿಂತಲ್ಲೇ 5,200ಕ್ಕಿಂತ ಕಡಿಮೆ ಬಂದರೆ ಪಿಚ್ ಜಾಸ್ತಿ ಆಗಿದೆ, ಎಂಜಿನ್ ಉಸಿರು ಕಟ್ಟಿದಂತೆ ದುಡಿಯುತ್ತಿದೆ. ನಿಂತಲ್ಲೇ 5,800 ಬಂದುಬಿಟ್ಟರೆ ಪಿಚ್ ತೀರ ಕಡಿಮೆ, ಹಾರಿದಾಗ ಮಿತಿ ಮೀರುತ್ತದೆ. ಕೋನ ಒಂದು ಡಿಗ್ರಿ ಬದಲಿಸಿದರೆ ಸುಮಾರು 200 ಆರ್‌ಪಿಎಂ ಏರುಪೇರಾಗುತ್ತದೆ, ಹಾಗಾಗಿ ಅರ್ಧ ಡಿಗ್ರಿಯಂತೆ ಸರಿಸಿ. ಎಲ್ಲ ಅಲಗೂ ಒಂದೇ ಕೋನದಲ್ಲಿರಲಿ. ಒಂದು ಅಲಗು ಬೇರೆ ಇದ್ದರೂ ಇಡೀ ವಿಮಾನ ನಡುಗುತ್ತದೆ.

ಹಾರಿದ ಮೇಲೆ

ಮೊದಲ ಹಾರಾಟಗಳು ಚಳಿಗಾಲದ ಬೆಳಿಗ್ಗೆ, ಒಬ್ಬರೇ, ಅರ್ಧ ಟ್ಯಾಂಕ್, ಅನುಭವ ಇರುವ ಪೈಲಟ್. ನೆಟ್ಟಗೆ ಹಾರುವಾಗ ಪೂರ್ತಿ ಥ್ರಾಟಲ್‌ಗೆ 5,500 ದಾಟಿ 5,800ರ ಒಳಗೆ ಬರಬೇಕು. ನಮ್ಮ ಕಡೆಗೆ 5,600-5,700 ಚೆನ್ನಾಗಿ ಹೊಂದುತ್ತದೆ. ಪ್ರತಿ ಹಾರಾಟಕ್ಕೂ ಬೆಳಗಿನ ಉಷ್ಣಾಂಶ, ತೂಕ, ನೆಲ ಬಿಡಲು ಹಿಡಿದ ದೂರ, ನಿಮಿಷಕ್ಕೆ ಏರಿದ ಅಡಿ, ಆಯಿಲ್ ಮತ್ತು ಹೆಡ್ಡಿನ ಶಾಖ ಎಲ್ಲವನ್ನೂ ಬರೆಯಿರಿ. ಬೆಟ್ಟಗಳ ಗಾಳಿ ಬೀಸದ ಬದಿಗೆ ಹೋಗಬೇಡಿ. ನಂದಿ, ಅಂತರಗಂಗೆಯಂಥ ಕಡೆ ಗಾಳಿ ಕೆಳಕ್ಕೆ ಸುರಿಯುತ್ತದೆ, ಹೊಸ ವಿಮಾನದ ಏರುವ ಶಕ್ತಿ ಅದಕ್ಕೆ ಸಾಲದೆ ಹೋಗಬಹುದು.

ಫೆಬ್ರುವರಿ ಕಳೆದ ಮೇಲೆ ಅದೇ ಅಳತೆಗಳನ್ನು ಮತ್ತೆ ತೆಗೆಯಿರಿ, ಬೆಳಿಗ್ಗೆ ಎಂಟಕ್ಕೆ, ಆಮೇಲೆ ಹತ್ತಕ್ಕೆ. ಏರುವ ವೇಗ ನಿಮ್ಮ ಲೆಕ್ಕಕ್ಕಿಂತ ಕಡಿಮೆ ಬಂದರೆ ಪಿಚ್ ಅರ್ಧ ಡಿಗ್ರಿ ಇಳಿಸಿ ಇನ್ನೊಮ್ಮೆ ನೋಡಿ. ಆಗಲೂ ಬಾರದಿದ್ದರೆ ಇಬ್ಬರು ಕೂರುವುದನ್ನು ಜೂನ್‌ವರೆಗೆ ನಿಲ್ಲಿಸಿ, ಮತ್ತು ಆ ಮಿತಿಯನ್ನು ಡ್ಯಾಶ್‌ಬೋರ್ಡಿನ ಮೇಲೆ ಕಾಣುವಂತೆ ಬರೆದು ಅಂಟಿಸಿ.